ಅಮ್ಮ ಗುಣವಾದ ಪುಟ

ಫೆಬ್ರವರಿ 6

ಪ್ರೀತಿಯ ಅಕ್ಕ,

ಬಸ್ಸಿಳಿದು ಪ್ರಾರ್ಥನಾ ಕೇಂದ್ರದ ಗೇಟು ತಲುಪುವಷ್ಟರಲ್ಲಿ ನೀನು ಹೊಲಿದುಕೊಟ್ಟ ಚೀಲದ ಹಿಡಿ ಕಿತ್ತುಹೋಯಿತು. ಹೊಲಿಗೆ ಅಂಗಡಿಯವಳ ತಮ್ಮ ಎಂದು ಇಲ್ಲಿ ಯಾರಿಗೂ ಹೇಳಿಲ್ಲ. ನಿನ್ನ ಮಾನ ಉಳಿಸಿದ್ದೇನೆ.

ಗೇಟಿನಲ್ಲೇ ಫೋನ್ ತೆಗೆದಿಟ್ಟುಕೊಂಡರು. ಒಳಗೆ ಉಳಿದು ಸೇವೆ ಮಾಡುವವರು ಫೋನ್ ಇಟ್ಟುಕೊಳ್ಳುವಂತಿಲ್ಲ, ಕಾಗದ ಬರೆಯಬಹುದು. ಹೀಗಾಗಿ ನನ್ನ ಕೋಳಿಕಾಲಿನ ಅಕ್ಷರ ಓದುವ ಶಿಕ್ಷೆ ನಿನಗೆ.

ನಮಗೆ ಕೊಟ್ಟಿರುವುದು ಪ್ರಾರ್ಥನೆಯ ಸಭಾಂಗಣದ ಹಿಂದೆ ಕುರ್ಚಿ ಪೇರಿಸಿಡುವ ಕೋಣೆ. ಗೋಡೆಗೆ ಆನಿಸಿ ನಾಲ್ಕು ಕಂಪ್ಯೂಟರು. ಮಿಕ್ಕ ಜಾಗವೆಲ್ಲ ಕುರ್ಚಿಗಳದ್ದೇ. ನನ್ನ ಪಕ್ಕದಲ್ಲಿ ಕೂರುವವರು ನಿವೃತ್ತ ಲೆಕ್ಕದ ಮೇಷ್ಟ್ರು. ಒಂದೊಂದೇ ಬೆರಳಿನಲ್ಲಿ ಕುಟ್ಟುತ್ತಾರೆ, ಆದರೆ ಒಂದು ಅಕ್ಷರ ತಪ್ಪುವುದಿಲ್ಲ.

ಇಷ್ಟು ದೂರ ಹೋಗಿ ಮಾಡುವುದೇನು ಎಂದು ಹೊರಡುವ ದಿನ ಕೇಳಿದ್ದೆಯಲ್ಲ, ಹೇಳುತ್ತೇನೆ. ಕಷ್ಟ ಬಂದವರು ಈಗ ಮೊದಲು ಮನುಷ್ಯರ ಹತ್ತಿರ ಹೋಗುವುದಿಲ್ಲ ಅಕ್ಕ, ಫೋನ್ ತೆಗೆದು ಸರ್ಚ್ ಮಾಡುತ್ತಾರೆ. 'ನಿದ್ದೆ ಬರುತ್ತಿಲ್ಲ ಏನು ಮಾಡಲಿ', 'ಮಗ ಮಾತು ಬಿಟ್ಟಿದ್ದಾನೆ' ಎಂದು ಬರೆಯುತ್ತಾರೆ. ಆಗ ಮೇಲೆ ಬರುವುದು ಏನನ್ನೋ ಮಾರುವವರ ಪುಟ. ಅಲ್ಲಿ ನಮ್ಮ ಕೇಂದ್ರದ ಪುಟ ಬರಬೇಕು. ಜನ ಯಾವ ಮಾತಿನಲ್ಲಿ ಅಳುತ್ತಾರೆಂದು ನೋಡಿಕೊಂಡು ಅದೇ ಮಾತನ್ನು ಪುಟದ ತಲೆಗೆ ಹಾಕುತ್ತೇವೆ. ಬೇರೆ ಕಡೆ ಚಿಕ್ಕ ಚಿಕ್ಕ ಸೈಟುಗಳನ್ನು ಮಾಡಿ ಅಲ್ಲಿಂದ ಈ ಪುಟಕ್ಕೆ ಲಿಂಕಿನ ದಾರಿ ಹಾಕುತ್ತೇವೆ. ದಾರಿ ಹೆಚ್ಚಾದಷ್ಟೂ ಪುಟ ಮೇಲೇರುತ್ತದೆ. ನಾನು ಕೆಲಸದಲ್ಲಿದ್ದಾಗ ಅಂಗಡಿಗಳಿಗೆ ಮಾಡುತ್ತಿದ್ದದ್ದೂ ಇದನ್ನೇ. ಈಗ ಸಂಬಳವಿಲ್ಲ, ಅಷ್ಟೇ ವ್ಯತ್ಯಾಸ.

ಅಪ್ಪ ಹೋದಮೇಲೆ ಅಮ್ಮನಿಗೆ ಫಿಟ್ಸ್ ಬರಲು ಶುರುವಾಗಿ ನಾವಿಬ್ಬರೂ ಹಲ್ಲಿನ ನಡುವೆ ಇಡಲು ಚಮಚ ಹಿಡಿದುಕೊಂಡು ಕಾಯುತ್ತಿದ್ದ ದಿನಗಳು ನಿನಗೆ ನೆನಪಿವೆ. ಈ ಕೇಂದ್ರದವರು ನಮ್ಮೂರಿನಲ್ಲಿ ನಡೆಸುವ ಪ್ರಾರ್ಥನೆಗೆ ಅವಳನ್ನು ಕರೆದುಕೊಂಡು ಹೋದ ಮೇಲೆ ಒಂದು ಸಲವೂ ಬಂದಿಲ್ಲ. ನೀನು ಇದನ್ನು ಒಪ್ಪುವುದಿಲ್ಲ, ಗೊತ್ತು. ಕೆಲವು ವಿಷಯ ಅಮ್ಮನಿಗೂ ನನಗೂ ಮಾತ್ರ ತಿಳಿದಿವೆ, ಅಷ್ಟು ಹೇಳುತ್ತೇನೆ. ನಾನು ತೀರಿಸಲಾಗದ ಉಪಕಾರ ಅದು.

ಅಮ್ಮ ಹೊಲಿಗೆ ಮಿಷನ್ನಿನ ಮುಂದೆ ಕೂತಿರುವ ಒಂದು ಫೋಟೋ ಕಳಿಸು.

ನಿನ್ನ ತಮ್ಮ


ಫೆಬ್ರವರಿ 24

ಕುಳ್ಳಾ,

ಕುಳ್ಳ ಕುಳ್ಳ ಎಂದು ಕರೆದೇ ನಿನ್ನನ್ನು ಆರಡಿ ಬೆಳೆಸಿದೆವು. ಇನ್ನು ಆ ಹೆಸರು ಬದಲಿಸಲು ಆಗದು.

ಚೀಲದ ಹಿಡಿ ಕಿತ್ತದ್ದು ನನ್ನ ಹೊಲಿಗೆಯಿಂದಲ್ಲ, ನೀನು ತುಂಬಿದ ಪುಸ್ತಕದಿಂದ. ಸೂಜಿ ದಾರ ಅಲ್ಲೂ ಸಿಗುತ್ತವೆ.

ಇಲಿ ಹಿಡಿಯುವವರನ್ನೂ ಬೀಗ ಒಡೆಯುವವರನ್ನೂ ಸರ್ಚಿನಲ್ಲಿ ಮೇಲೆ ತಂದವನಿಗೆ ದೇವರನ್ನು ಮೇಲೆ ತರುವುದು ಕಷ್ಟವಾಗಲಾರದು. ಆದರೆ ಅಷ್ಟು ದೊಡ್ಡವನನ್ನು ನೀನು ಕುರ್ಚಿ ಕೋಣೆಯಲ್ಲಿ ಕೂತು ತಳ್ಳಬೇಕೇ ಎಂದು ನನಗೆ ಅನಿಸುತ್ತದೆ. ಬೈಯುತ್ತಿಲ್ಲ. ನಿನ್ನೊಂದಿಗೆ ವಾದ ಮಾಡಬೇಡ ಎಂದು ಅಮ್ಮ ಆಣೆ ಹಾಕಿಸಿಕೊಂಡಿದ್ದಾಳೆ.

ಶಾಲೆ ಯೂನಿಫಾರಂ ಕೆಲಸ ಬಂದಿದೆ. ಬಟ್ಟೆ ಕತ್ತರಿಸುವುದು ನಾನು, ಕಾಜಾ ಗುಂಡಿ ಅಮ್ಮ. ಬೆಳಿಗ್ಗೆ ಮಾತ್ರೆ ನುಂಗಿದ ಮೇಲೆ ಸ್ವಲ್ಪ ಮಂಪರು ಬರುತ್ತದೆ ಅವಳಿಗೆ, ಕೂತಲ್ಲೇ ತೂಕಡಿಸುತ್ತಾಳೆ. ಎಬ್ಬಿಸಿದರೆ 'ನಾನೆಲ್ಲಿ ಮಲಗಿದ್ದೆ, ಕಣ್ಣು ಮುಚ್ಕೊಂಡು ಯೋಚಿಸ್ತಿದ್ದೆ' ಎನ್ನುತ್ತಾಳೆ. ಡಾಕ್ಟರು ಇದೇ ಮಾತ್ರೆ ಇರಲಿ, ಬದಲಾಯಿಸುವುದು ಬೇಡ ಎಂದರು.

ಫೋಟೋ ಪಕ್ಕದ ಮನೆಯ ಟೀಚರಮ್ಮನ ಫೋನಿನಿಂದ ತೆಗೆಸಿ ಪ್ರಿಂಟು ಹಾಕಿಸಿದ್ದೇನೆ. ನನ್ನದು ಮಾತಾಡಲಿಕ್ಕೆ ಮಾತ್ರ ಇರುವ ಫೋನು. ಅಮ್ಮ ಅಂಗಡಿ ಬೋರ್ಡೂ ಬರಬೇಕೆಂದು ಹಟ ಹಿಡಿದು ಹೊರಗೆ ಮಿಷನ್ ಇಡಿಸಿದಳು. ಅವಳ ಬಗ್ಗೆ ಏನಾದರೂ ಬರೆಯುವುದಿದ್ದರೆ ಮೊದಲು ನನಗೆ ತೋರಿಸು.

ನಿನ್ನ ಅಕ್ಕ


ಏಪ್ರಿಲ್ 11

ಅಮ್ಮಾ,

ಈ ಕಾಗದ ನಿನಗೆ ಮಾತ್ರ.

ನಿನ್ನ ಕಥೆ ಬರೆದೆ. ಬರೆದು ತಿಂಗಳಾಯಿತು. ಮೇಷ್ಟ್ರು ತಿದ್ದಿದರು, ನಾನು ಅದಕ್ಕೆ ದಾರಿ ಹಾಕಿದೆ. ಊಟ ಬಿಟ್ಟು ಕೂತ ದಿನಗಳಿವೆ. ಈಗ ಯಾರಾದರೂ 'ಫಿಟ್ಸ್ ಗುಣವಾಗಲು ಏನು ಮಾಡಬೇಕು' ಎಂದು ಸರ್ಚ್ ಮಾಡಿದರೆ ಎಲ್ಲಕ್ಕಿಂತ ಮೇಲೆ ಬರುವುದು ನಿನ್ನ ಮುಖ. ಆಸ್ಪತ್ರೆಗಳ ಪುಟಗಳೂ ನಿನ್ನ ಕೆಳಗೆ.

ಕೇಂದ್ರದ ಹಿರಿಯರು ಅದನ್ನು ಎಲ್ಲರ ಮುಂದೆ ಓದಿದರು. 'ನನ್ನ ತಾಯಿ ಮಾತ್ರೆಗಳನ್ನು ಬಿಟ್ಟು ಮೂರು ವರ್ಷವಾಯಿತು. ಪ್ರಾರ್ಥನೆಯೊಂದೇ ಅವರ ಔಷಧ' ಎಂಬ ಸಾಲು ಬಂದಾಗ ಸಭಾಂಗಣದಲ್ಲಿ ಅಳುವ ಸದ್ದು ಕೇಳಿಸಿತು. ಹಿರಿಯರು ನನ್ನ ಭುಜದ ಮೇಲೆ ಕೈಯಿಟ್ಟರು. ಅವರು ಹಾಗೆ ಯಾರನ್ನೂ ಮುಟ್ಟುವುದಿಲ್ಲವಂತೆ.

ಮೂರು ವರ್ಷದ ಹಿಂದೆ ನಮ್ಮೂರಿನ ಪ್ರಾರ್ಥನೆಯಿಂದ ಬರುವ ದಾರಿಯಲ್ಲಿ 'ಮಾತ್ರೆ ಬಿಟ್ಟೆಯಾ ಅಮ್ಮಾ' ಎಂದು ಕೇಳಿದೆ. 'ಹೂಂ ಬಿಟ್ಟೆ, ಅಕ್ಕನಿಗೆ ಹೇಳಬೇಡ, ಜಗಳ ಆಗುತ್ತೆ' ಎಂದೆ ನೀನು. ಆ ಮಾತನ್ನು ಇಷ್ಟು ದಿನ ಒಳಗಿಟ್ಟುಕೊಂಡೆ. ಪಾಪ ಅಕ್ಕ, ನೀನು ಈಗಲೂ ದಿನಾ ನುಂಗುತ್ತೀಯೆಂದೇ ಬರೆದಿದ್ದಾಳೆ. ಓದಿ ನಗು ಬಂತು. ಅವಳ ಮುಂದೆ ಬಾಯಿಗೆ ಹಾಕಿಕೊಂಡು ಆಮೇಲೆ ಉಗಿಯುತ್ತೀಯೇನು? ಮನೆಯಲ್ಲೇ ನಂಬದವರಿದ್ದರು ಎಂದು ಪುಟದಲ್ಲಿ ಒಂದು ಮಾತು ಸೇರಿಸಿದ್ದೇನೆ. ಯಾರು ಎಂದು ಹಾಕಿಲ್ಲ. ಸಮಯ ನೋಡಿ ನೀನೇ ಅವಳಿಗೆ ತಿಳಿಸು.

ನಾನು ಓದಿನಲ್ಲಿ ಹಿಂದೆ ಬಿದ್ದೆ, ಕೆಲಸದಲ್ಲೂ ನಿಲ್ಲಲಿಲ್ಲ. ನನ್ನ ಕೈಯಿಂದ ಒಂದು ಒಳ್ಳೆಯದು ಆಗಿದ್ದರೆ ಇದೇ ಅಮ್ಮ.

ನಿನ್ನ ಮಗ


ಮೇ 19

ಮಗಾ,

ನಿನ್ನ ಕಾಗದ ಬಂದು ಬಹಳ ದಿನ ಆಯ್ತು. ಬರೆಯೋಣ ಅಂತ ಕೂತ್ಕೋತೀನಿ, ಗುಂಡಿ ಕೆಲಸ ಕರೆಯುತ್ತೆ.

ಟೀಚರಮ್ಮ ಅವಳ ಫೋನಿನಲ್ಲಿ ನನ್ನ ಫೋಟೋ ತೋರಿಸಿದಳು. ನನ್ನ ಮೂಗು ಇಷ್ಟು ದಪ್ಪ ಅಂತ ಇಷ್ಟು ವರ್ಷ ನಿಮ್ಮಪ್ಪನೂ ಹೇಳಿರಲಿಲ್ಲ. ಓದಿ ಹೇಳು ಅಂದೆ. ಓದಿದಳು. ಎಷ್ಟು ಚೆನ್ನಾಗಿ ಬರೆದಿದ್ದೀಯ ಮಗಾ. ಚಿಕ್ಕವನಿದ್ದಾಗ ನಾಲ್ಕು ಸಾಲು ಬರೆಸೋಕೆ ನಿನ್ನ ಹಿಂದೆ ಓಡಾಡಿದ್ದು ನೆನಪಾಯ್ತು. ಮಾತ್ರೆಯ ಸಾಲು ಬಂದಾಗ ಅವಳು ನನ್ನ ಮುಖ ನೋಡಿದಳು. ನಾನು ಸೂಜಿ ನೋಡಿದೆ. ಅಕ್ಕನಿಗೆ ಹೇಳಬೇಡಮ್ಮ ಅಂತ ಕೇಳಿಕೊಂಡೆ.

ಹೋದ ವಾರ ಒಬ್ಬಳು ತಾಯಿ ಬಂದಿದ್ದಳು. ಅಕ್ಕ ದಾರ ತರೋಕೆ ಹೋಗಿದ್ದ ಹೊತ್ತು. ಜೊತೆಗೆ ಮಗಳು. ಮುಂದಿನ ಹಲ್ಲು ಬಿದ್ದು ಹೊಸದು ಹುಟ್ಟೋ ವಯಸ್ಸು. ಹುಬ್ಬಿನ ಮೇಲೆ ಹೊಲಿಗೆ ಹಾಕಿದ ಗಾಯ, ಫಿಟ್ಸ್ ಬಂದು ಮೆಟ್ಟಿಲ ಮೇಲೆ ಬಿದ್ದಿತ್ತಂತೆ. ಫೋಟೋದಲ್ಲಿ ಬೋರ್ಡು ನೋಡಿ, ಕೇಳ್ಕೊಂಡು ಕೇಳ್ಕೊಂಡು ಹುಡುಕಿ ಬಂದಿದ್ದಾಳೆ. ಮಾತ್ರೆ ಕೊಟ್ಟರೆ ಮಗು ಸ್ಕೂಲಲ್ಲಿ ಮಂಕಾಗಿ ಕೂರುತ್ತೆ, ಎಲ್ಲರೂ ದಡ್ಡಿ ಅಂತಾರೆ ಅಂತ ಅತ್ತಳು. ಆಮೇಲೆ ನನ್ನ ಕೈ ಹಿಡಿದು ಕೇಳಿದಳು, 'ಅಮ್ಮಾ, ನಿಜವಾಗ್ಲೂ ಮಾತ್ರೆ ಬಿಟ್ರಾ?'

ಹೂಂ ಅಂದೆ. ನಿನಗೆ ಅಂದ ಹಾಗೇ ಅಂದುಬಿಟ್ಟೆ.

ಆ ಹುಡುಗಿ ಅಷ್ಟು ಹೊತ್ತೂ ನನ್ನ ಗುಂಡಿ ಡಬ್ಬಿಯಲ್ಲಿ ಕೈಯಾಡಿಸ್ತಾ ಕೂತಿತ್ತು. ಹೋಗುವಾಗ ಒಂದು ಕೆಂಪು ಗುಂಡಿ ತಗೊಳ್ಳಲಾ ಅಂತ ಕೇಳಿತು. ಅವರು ತಿರುವಿನಲ್ಲಿ ಮರೆಯಾದ ಮೇಲೂ ನಾನು ಬಾಗಿಲಲ್ಲೇ ನಿಂತಿದ್ದೆ. ಒಳಗೆ ಬಂದು ಕೂತರೆ ಸೂಜಿಗೆ ದಾರ ಪೋಣಿಸೋಕೆ ಆಗಲಿಲ್ಲ.

ಮಗಾ, ನಿನ್ನ ಪ್ರಾರ್ಥನೆಯಲ್ಲಿ ನನ್ನನ್ನು ಗಟ್ಟಿಯಾಗಿ ಹಿಡ್ಕೋ. ಯಾಕೆ ಅಂತ ಕೇಳಬೇಡ. ನಾನು ಒಂದು ಕೆಲಸಕ್ಕೆ ಕೈ ಹಾಕಿದ್ದೀನಿ. ನೆಟ್ಟಗಾದರೆ ನಿನ್ನ ಮಾತೂ ನಿಜ ಆಗುತ್ತೆ, ನನ್ನ ಮಾತೂ ನಿಜ ಆಗುತ್ತೆ, ಆ ಮಗುವೂ ಚೆನ್ನಾಗಿರುತ್ತೆ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅಮ್ಮ


ಜೂನ್ 3

ತಮ್ಮನಿಗೆ,

ಕೇಂದ್ರದ ಆಫೀಸಿಗೆ ಫೋನ್ ಮಾಡಿದೆ. 'ಪ್ರಾರ್ಥನೆಯಲ್ಲಿದ್ದಾರೆ, ಹೇಳುತ್ತೇವೆ' ಎಂದರು. ಮತ್ತೆ ಮಾಡಿದಾಗಲೂ ಅದೇ ಮಾತು. ಹೇಳಿರಲಾರರು ಎಂದು ಈ ಕಾಗದವನ್ನು ಕೊರಿಯರಿಗೆ ಕೊಡುತ್ತಿದ್ದೇನೆ. ಆಸ್ಪತ್ರೆಯ ವರಾಂಡದಲ್ಲಿ ಕೂತು ಬರೆಯುತ್ತಿದ್ದೇನೆ, ಅಕ್ಷರ ನೋಡಬೇಡ.

ಅಮ್ಮನಿಗೆ ಫಿಟ್ಸ್ ಬಂತು. ಗಿರಾಕಿಯೊಬ್ಬರ ತೋಳಿನ ಅಳತೆ ತೆಗೆಯುತ್ತಿದ್ದವಳು ಟೇಪು ಕೈಯಲ್ಲಿ ಹಿಡಿದುಕೊಂಡೇ ಬಿದ್ದಳು. ಮೇಜಿನ ಅಂಚು ತಲೆಗೆ ಬಡಿಯಿತು. ಎಚ್ಚರವಾದ ಮೇಲೆ ನನ್ನನ್ನು ಗುರುತು ಹಿಡಿದಳು, ನೀರು ಕುಡಿದಳು. ಸದ್ಯ ಮುಗಿಯಿತು ಎಂದುಕೊಂಡೆ. ಆಗ ನಾನು ತಡೆಯಲಾರದೆ ಕೇಳಿದೆ, ಮಾತ್ರೆ ನುಂಗಿದರೂ ಹೀಗೇಕೆ ಬಂತು ಎಂದು.

'ನುಂಗ್ತಿಲ್ಲ ಕಣೇ' ಎಂದಳು.

'ಯಾವಾಗಿಂದ?'

'ಆ ಮಗು ಬಂದು ಹೋದಾಗಿಂದ. ಅವನು ಬರೆದದ್ದು ಸುಳ್ಳಾಗಬಾರದು. ನಾನು ಮಾತ್ರೆ ಇಲ್ದೆ ಇದ್ರೆ ಆ ಮಗುನೂ ಇರುತ್ತೆ ತಾನೆ?'

ಯಾವ ಮಗು, ಏನು ಬರೆದದ್ದು, ನನಗೆ ತಲೆಬುಡ ತಿಳಿಯಲಿಲ್ಲ. ಕೇಳುವಷ್ಟರಲ್ಲಿ ಮತ್ತೆ ಬಂತು. ಗಾಡಿಯಲ್ಲಿ ಮತ್ತೆ. ಆಸ್ಪತ್ರೆಗೆ ಬಂದ ಮೇಲೆ ಬಿಡದೆ ಬರುತ್ತಲೇ ಇತ್ತು. ಈಗ ನಿದ್ದೆಯ ಮದ್ದು ಕೊಟ್ಟು, ಬಾಯೊಳಗೆ ನಳಿಕೆ ಹಾಕಿ ಮಲಗಿಸಿದ್ದಾರೆ. ಈ ಮಾತ್ರೆಯನ್ನು ಒಮ್ಮೆಗೇ ನಿಲ್ಲಿಸಿದರೆ ಹೀಗಾಗುತ್ತದೆ, ನಿಲ್ಲಿಸಲು ಹೇಳಿದವರು ಯಾರು ಎಂದು ಡಾಕ್ಟರು ಕೇಳಿದರು.

ಉತ್ತರ ಟೀಚರಮ್ಮ ತಂದಳು. ಅಳುತ್ತಾ ಬಂದು ತನ್ನ ಫೋನ್ ನನ್ನ ಕೈಗೆ ಕೊಟ್ಟಳು. ಓದಿದೆ.

ಅವಳು ಒಂದು ದಿನವೂ ಮಾತ್ರೆ ಬಿಟ್ಟಿರಲಿಲ್ಲ ಕಣೋ. ನೀವಿಬ್ಬರೂ ಪ್ರಾರ್ಥನೆಗೆ ಹೋಗಲು ಶುರುಮಾಡಿದ ತಿಂಗಳಲ್ಲೇ ಹೊಸ ಡಾಕ್ಟರು ಈ ಮಾತ್ರೆ ಬರೆದುಕೊಟ್ಟಿದ್ದರು. ನೀನು ಸಂತೋಷವಾಗಿರಲಿ ಎಂದು ಹೂಂ ಎಂದಿದ್ದಾಳೆ. ಮೂರು ವರ್ಷ ನಿನಗೆ ಸುಳ್ಳು ಹೇಳಿದಳು, ಆಮೇಲೆ ನನಗೆ. ನಾನು ಕೊಟ್ಟ ಮಾತ್ರೆಯನ್ನು ನನ್ನೆದುರೇ ಬಾಯಿಗೆ ಹಾಕಿಕೊಂಡು ಆಮೇಲೆ ಉಗಿದಿದ್ದಾಳೆ.

ಮೊದಲು ತೋರಿಸು ಎಂದು ಬರೆದಿದ್ದೆ.

ಆ ಪುಟ ತೆಗೆಸು. ಕೂಡಲೇ ಹೊರಟು ಬಾ.

ಅಕ್ಕ


ಜುಲೈ 22

ಅಕ್ಕಾ,

ಅಮ್ಮನನ್ನು ಮಣ್ಣು ಮಾಡಿ ಬಂದ ಮೇಲೆ ನೀನು ನನಗೆ ಹೇಳಿದ್ದು ಒಂದೇ ಮಾತು, 'ಹೊರಗೆ ಮಲಗು.' ಅಷ್ಟಾದರೂ ಹೇಳಿದೆಯಲ್ಲ. ಬೆಳಿಗ್ಗೆ ನೀನು ಏಳುವ ಮೊದಲೇ ಹೊರಟುಬಿಟ್ಟೆ. ಫೋನ್ ಮಾಡಿದರೆ ನೀನು ತೆಗೆಯುವುದಿಲ್ಲ. ಕಾಗದವನ್ನು ಒಡೆಯದೇ ಎಸೆದರೂ ಎಸೆ, ನಾನು ಬರೆಯಬೇಕು.

ನಿನ್ನ ಕಾಗದ ಸಿಕ್ಕ ದಿನವೇ ಹೊರಟಿದ್ದರೆ ಅಮ್ಮನಿಗೆ ಉಸಿರಿರುವಾಗಲೇ ತಲುಪುತ್ತಿದ್ದೆ. ನಾನು ಹೊರಡಲಿಲ್ಲ. ಪುಟ ತೆಗೆಸಿಯೇ ಬರುತ್ತೇನೆ ಎಂದು ಹಿರಿಯರ ಬಾಗಿಲಲ್ಲಿ ಕೂತೆ. ಸಂಜೆಗೆ ಒಳಗೆ ಕರೆದರು. ಅವರು ಗದರುವವರಲ್ಲ, ಗದರಿದ್ದರೆ ಚೆನ್ನಾಗಿತ್ತು. ನೀರು ಕೊಟ್ಟರು, ಅಮ್ಮನಿಗಾಗಿ ಪ್ರಾರ್ಥಿಸಿದರು. ಆಮೇಲೆ, ಒಬ್ಬರಿಗೆ ಹೀಗಾಯಿತೆಂದು ಅಷ್ಟು ಜನ ಬರುವ ದಾರಿ ಮುಚ್ಚುವುದು ಹೇಗೆ ಎಂದರು. ತಾಯಿಯ ನಂಬಿಕೆ ಕೊನೆಯಲ್ಲಿ ಅಲುಗಾಡಿರಬಹುದು ಎಂದರು.

ಅಲುಗಾಡಲಿಲ್ಲ, ಪುಟದಲ್ಲಿರುವುದೇ ಸುಳ್ಳು, ಅಮ್ಮ ಮಾತ್ರೆ ಬಿಟ್ಟೇ ಇರಲಿಲ್ಲ ಎಂದೆ.

ಅವರು ನೀರಿನ ಲೋಟ ಎತ್ತಿ ಬದಿಗಿಟ್ಟರು. 'ಅದನ್ನ ನೀವೇ ಬರೆದದ್ದು. ನಾವ್ಯಾರೂ ಬರೆಸಲಿಲ್ಲ' ಎಂದರು.

ಅದು ನಿಜ ಅಕ್ಕ. ಡಾಕ್ಟರನ್ನು ಕೇಳಲಿಲ್ಲ. ನಿನ್ನನ್ನು ಕೇಳಲಿಲ್ಲ. ಜನ ಹುಡುಕುವ ಮಾತು ಯಾವುದು ಎಂದಷ್ಟೇ ನೋಡಿದೆ.

ಕೋಣೆಗೆ ಬಂದರೆ ನನ್ನ ಪಾಸ್‌ವರ್ಡಿಗೆ ಕಂಪ್ಯೂಟರ್ ತೆರೆಯಲಿಲ್ಲ. ಆಗಲೇ ಬದಲಿಸಿದ್ದರು. ಮೇಷ್ಟ್ರನ್ನು ಕೇಳಿಕೊಂಡೆ, ಒಂದು ಸಲ ಒಳಗೆ ಬಿಡಿ, ಅಳಿಸಿಬಿಡುತ್ತೇನೆ ಎಂದು. ಅವರು ಕೀಬೋರ್ಡಿನಿಂದ ಬೆರಳು ತೆಗೆದರು. 'ನನಗೆ ಹೋಗೋಕೆ ಬೇರೆ ಜಾಗ ಇಲ್ಲ ಮಗೂ' ಎಂದರು. ಬೆಳಿಗ್ಗೆ ಬಸ್ಸು ಹತ್ತಿದೆ. ನಾನು ಆಸ್ಪತ್ರೆ ಮುಟ್ಟಿದಾಗ ನೀನು ವರಾಂಡದಲ್ಲಿ ಅಮ್ಮನ ಚಪ್ಪಲಿ ಹಿಡಿದುಕೊಂಡು ಕೂತಿದ್ದೆ.

ಈಗ ಹಳೆಯ ಕೆಲಸಕ್ಕೇ ಸೇರಿದ್ದೇನೆ. ಬಾಡಿಗೆಗೆ ಒಂದು ರೂಮು. ಕೆಳಗೆ ಟಯರ್ ಪಂಕ್ಚರ್ ಅಂಗಡಿ, ಇಡೀ ದಿನ ಗಾಳಿ ತುಂಬುವ ಸದ್ದು. ನಡೆದದ್ದನ್ನೆಲ್ಲ ಬರೆದು ನಾನೇ ಒಂದು ಪುಟ ಮಾಡಿದ್ದೇನೆ. ಅದು ಮೇಲೆ ಬರುತ್ತಿಲ್ಲ. ಎಷ್ಟೋ ಪುಟ ತಿರುವಿದ ಮೇಲೆ ಎಲ್ಲೋ ತಳದಲ್ಲಿ ಸಿಗುತ್ತದೆ. ಅಲ್ಲಿಯವರೆಗೆ ಯಾರೂ ಇಳಿಯುವುದಿಲ್ಲ. ಕೇಂದ್ರದ ಪುಟಕ್ಕೆ ನಾನು ಹಾಕಿದ ದಾರಿಗಳು ಹಾಗೇ ಇವೆ, ಈಗ ಬೇರೆಯವರು ಆ ಪುಟವನ್ನೇ ನಕಲು ಮಾಡಿ ತಮ್ಮ ಸೈಟುಗಳಲ್ಲೂ ಹಾಕಿಕೊಂಡಿದ್ದಾರೆ. ಅದರ ಕೆಳಗೆ ಹೊಸದಾಗಿ ಒಂದು ಸಾಲು ಬಂದಿದೆ, 'ಈ ತಾಯಿ ಈಗ ಪರಮ ಶಾಂತಿಯಲ್ಲಿದ್ದಾರೆ.' ಹೇಗೆ ಹೋದರು ಎಂದಿಲ್ಲ.

ಹುಬ್ಬಿನ ಮೇಲೆ ಗಾಯವಿದ್ದ ಒಂದು ಹುಡುಗಿಯ ವಿಷಯ ಅಮ್ಮ ನನಗೆ ಬರೆದಿದ್ದಳು. ಆ ಮಗು ಈಗ ಹೇಗಿದೆ? ಅವರು ಎಲ್ಲಿಯವರೆಂದು ಯಾರಿಗಾದರೂ ಗೊತ್ತೇ?

ನಿನ್ನ ತಮ್ಮ


ಸೆಪ್ಟೆಂಬರ್ 15

ಕಾಗದ ಒಡೆದು ಓದಿದೆ. ಉತ್ತರ ಬರೆಯಬಾರದೆಂದು ಇಷ್ಟು ದಿನ ಇದ್ದೆ. ಆ ಮಗುವಿನ ವಿಷಯವಾದ್ದರಿಂದ ಬರೆಯುತ್ತಿದ್ದೇನೆ.

ಅಂದು ಆ ತಾಯಿ ನಮ್ಮ ಅಂಗಡಿಯ ದಾರಿ ಕೇಳಿದ್ದು ಟೀಚರಮ್ಮನ ಹತ್ತಿರ. ಒಂದು ಬೇಕರಿಯಲ್ಲಿ ಪ್ಯಾಕಿಂಗ್ ಕೆಲಸ ಎಂದು ಹೇಳಿಕೊಂಡಿದ್ದಳಂತೆ. ಯಾವ ಬೇಕರಿ ಎಂಬುದು ಟೀಚರಮ್ಮನಿಗೆ ನೆನಪಿರಲಿಲ್ಲ. ಅಂಗಡಿ ಮುಚ್ಚಿದ ದಿನಗಳಲ್ಲಿ ನಾನು ಒಂದೊಂದನ್ನೇ ಕೇಳುತ್ತಾ ಹೋದೆ. ಪಕ್ಕದ ಊರಿನಲ್ಲಿ ಸಿಕ್ಕಳು. ಬೇಕರಿಯ ಹಿಂದಿನ ಸಾಲಿನಲ್ಲಿ ಒಂದೇ ಕೋಣೆಯ ಮನೆ. ತಾಯಿ ಮಗಳು ಇಬ್ಬರೇ.

ನಾನು ಯಾರೆಂದು ಹೇಳಿದೆ. ಅಮ್ಮ ತೀರಿಕೊಂಡಳು, ಮಾತ್ರೆ ಬಿಟ್ಟದ್ದರಿಂದಲೇ ಹೀಗಾಯಿತು, ನಿಮ್ಮ ಮಗಳಿಗೆ ದಯವಿಟ್ಟು ಮಾತ್ರೆ ನಿಲ್ಲಿಸಬೇಡಿ ಎಂದೆ. ಅವಳು ಬಾಗಿಲಿಗೆ ಅಡ್ಡ ನಿಂತೇ ಕೇಳಿಸಿಕೊಂಡಳು. ನನ್ನ ಮೇಲೆ ಕೋಪವೂ ಮಾಡಲಿಲ್ಲ, ಕನಿಕರದಿಂದ ನೋಡಿದಳು.

'ನಿಮ್ಮಮ್ಮ ನನ್ನ ಕೈ ಹಿಡ್ಕೊಂಡು ಹೇಳಿದಾರೆ. ಮನೇಲೇ ಒಬ್ಬರು ನಂಬಲ್ಲ ಅಂತ ಇದರಲ್ಲಿ ಬರೆದಿದೆ. ಅದು ನೀವೇ ಅಲ್ವಾ?' ಎಂದು ಫೋನ್ ತೆಗೆದು ನನ್ನ ಮುಖಕ್ಕೆ ಹಿಡಿದಳು. 'ನೋಡಿ, ಇದೇ ಮೊದಲು ಬರುತ್ತೆ. ನೀವು ಹೇಳೋದು ಎಲ್ಲೂ ಬರಲ್ಲ.'

ಬಾಗಿಲು ಹಾಕಿಕೊಂಡಳು. ಮುಚ್ಚುವ ಮುಂಚೆ ಮಗುವನ್ನು ಕಂಡೆ. ಮಂಚದ ಮೇಲೆ ಗೋಡೆಗೊರಗಿ ಕೂತಿತ್ತು. ಗಲ್ಲದ ಮೇಲೆ ಹೊಸ ಪಟ್ಟಿ.

ನನ್ನ ಮಾತು ನಡೆಯದ ಹಾಗೆ ಮೊದಲೇ ಬರೆದಿಟ್ಟವನು ನೀನು. ನೀನೇ ಹೋಗು. ವಿಳಾಸ ಕಾಗದದ ಹಿಂದಿದೆ.

ಒಂದು ಮಾತು ನೆನಪಿಡು. ಅಮ್ಮ ಆ ಮಗುವಿನ ಸಲುವಾಗಿಯೂ ಮಾತ್ರೆ ಬಿಟ್ಟಳೆಂದು ಆ ತಾಯಿಗೆ ಹೇಳಬೇಡ. ಅವಳು ಹೊತ್ತಿರುವುದೇ ಸಾಕು.

ಅಕ್ಕ


ಅಕ್ಟೋಬರ್ 8

ಅಕ್ಕಾ,

ಹೋಗಿ ಬಂದೆ.

ಬೇಕರಿಯ ಹಿಂಬಾಗಿಲಲ್ಲಿ ಕೆಲಸ ಬಿಡುವ ಹೊತ್ತಿಗೆ ಕಾದು ನಿಂತಿದ್ದೆ. ತಲೆಗೆ ಕಟ್ಟಿದ ಬಟ್ಟೆ ಬಿಚ್ಚುತ್ತಾ ಬಂದಳು. ಆ ಪುಟ ಬರೆದವನು ನಾನೇ, ಆ ತಾಯಿಯ ಮಗ ಎಂದೆ. ಅವಳ ಮುಖ ಅರಳಿತು ಅಕ್ಕ. ಅದನ್ನು ನಾನು ನಿರೀಕ್ಷಿಸಿರಲಿಲ್ಲ. ಬೈಗುಳಕ್ಕೆ ಸಿದ್ಧವಾಗಿ ಹೋಗಿದ್ದೆ. ಅವಳು ದೇವರೇ ಕಳಿಸಿದ ಎಂದು ಮನೆಗೆ ಕರೆದುಕೊಂಡು ಹೋಗಿ, ಇರುವ ಒಂದೇ ಕುರ್ಚಿಯಲ್ಲಿ ಕೂರಿಸಿ, 'ಇವಳಿಗೆ ಈ ವಾರ ದಿನಾ ಬರ್ತಿದೆ. ನಾನು ಪ್ರಾರ್ಥನೆ ಸರಿಯಾಗಿ ಮಾಡ್ತಿಲ್ಲ ಅನ್ಸುತ್ತೆ. ಹೇಗೆ ಮಾಡ್ಬೇಕು ಹೇಳ್ಕೊಡಿ' ಎಂದಳು.

ಆಗ ಹೇಳಿದೆ. ಮೊದಲಿಂದ ಕೊನೆಯವರೆಗೆ. ನನ್ನ ಅಕ್ಕ ಹೇಳಿದ್ದೆಲ್ಲ ನಿಜ, ನಾನು ಬರೆದದ್ದು ಸುಳ್ಳು ಎಂದೆ.

ಅವಳು ಮಗುವಿನ ಪಕ್ಕ ಮಂಚದ ಮೇಲೆ ಕೂತಳು. ಆಮೇಲೆ ಕೇಳಿದಳು. 'ಹಾಗಾದ್ರೆ ಆಯಮ್ಮ ನನಗೆ ಯಾಕೆ ಹೂಂ ಅಂದ್ರು?'

'ನನಗೋಸ್ಕರ.'

'ಮತ್ತೆ ಮಾತ್ರೆ ಯಾಕೆ ಬಿಟ್ರು?'

ಮಗು ನನ್ನನ್ನೇ ನೋಡುತ್ತಿತ್ತು. 'ಅದೂ ನನಗೋಸ್ಕರಾನೇ' ಎಂದೆ. ನೀನು ಹೇಳಿದಂತೆ ಅಷ್ಟಕ್ಕೇ ನಿಲ್ಲಿಸಿದೆ.

ಎದ್ದು ಹೋಗು ಎಂದಳು. ಎದ್ದು ಹೊರಗೆ ಚರಂಡಿಯ ಕಟ್ಟೆಯ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಮಗುವನ್ನು ಎತ್ತಿಕೊಂಡು ಹೊರಬಂದು, ನನ್ನನ್ನು ನೋಡದೆ ನಡೆದಳು. ಹಿಂದೆ ಹೋದೆ. ಬೇಡ ಎನ್ನಲಿಲ್ಲ. ಆಸ್ಪತ್ರೆಯ ಮೆಟ್ಟಿಲಲ್ಲಿ ಅವಳಿಗೆ ಏದುಸಿರು ಬಂತು. ನಾನು ಕೈ ಚಾಚಿದೆ, ಮಗುವನ್ನು ಕೊಟ್ಟಳು. ಎತ್ತಿಕೊಂಡಾಗ ಗೊತ್ತಾಯಿತು, ಅದರ ಎಡಗೈ ನನ್ನ ಕೊರಳನ್ನು ಹಿಡಿಯುತ್ತಿತ್ತು, ಬಲಗೈ ಸುಮ್ಮನೆ ಜೋಲುತ್ತಿತ್ತು.

ಡಾಕ್ಟರು ಎಲ್ಲರೆದುರು ಅವಳನ್ನು ಬೈದರು. ಯಾರ ಮಾತು ಕೇಳಿ ನಿಲ್ಲಿಸಿದಿರಿ ಎಂದರು. ಅವಳು ನನ್ನ ಕಡೆ ತಿರುಗಲೂ ಇಲ್ಲ. 'ಬುದ್ಧಿ ಇರಲಿಲ್ಲ' ಎಂದಳು. ನನ್ನ ಮಾತು ಕೇಳಿ ಎಂದು ನಾನು ಹೇಳಿದೆ. ನೀವು ಯಾರು ಎಂದರು ಡಾಕ್ಟರು.

ಮತ್ತೆ ಮಾತ್ರೆ ಶುರುಮಾಡಿದ್ದಾರೆ, ಫಿಟ್ಸ್ ನಿಂತಿದೆ. ಕೈಯ ವಿಷಯ, ಓದಿನ ವಿಷಯ ಕೇಳಿದರೆ, ಹೋದದ್ದರಲ್ಲಿ ಎಷ್ಟು ವಾಪಸ್ ಬರುತ್ತದೋ ಈಗಲೇ ಹೇಳಲಾಗದು ಎನ್ನುತ್ತಾರೆ. ನಾನು ವಾರಕ್ಕೊಮ್ಮೆ ಹೋಗಿ ಆಸ್ಪತ್ರೆಯ ಬಾಗಿಲಲ್ಲಿ ನಿಲ್ಲುತ್ತೇನೆ. ತಾಯಿ ನನ್ನೊಂದಿಗೆ ಮಾತಾಡುವುದಿಲ್ಲ. ಹೋದ ಸಲ ಮಗು ಮಾತಾಡಿಸಿತು. 'ಗುಂಡಿ ಅಜ್ಜಿ ಯಾಕೆ ಬರಲ್ಲ?' ಎಂದಿತು. ಅವರು ತೀರಿಕೊಂಡರು ಪುಟ್ಟಿ ಎಂದೆ. ತೀರಿಕೊಂಡರೆ ಏನು ಎಂದು ಅದು ಕೇಳಲಿಲ್ಲ.

ನಿನ್ನ ಕ್ಷಮೆ ಕೇಳಲು ಬರೆಯುತ್ತಿಲ್ಲ. ನಡೆದದ್ದು ನಿನಗೆ ತಿಳಿದಿರಲಿ ಎಂದು.

ನಿನ್ನ ತಮ್ಮ


ನವೆಂಬರ್ 20

ಕುಳ್ಳಾ,

ಹೋಗಿ ಹೇಳಿದ್ದು ಒಳ್ಳೆಯದಾಯಿತು. ಇಷ್ಟು ಬರೆಯಲು ನನಗೆ ತಿಂಗಳು ಬೇಕಾಯಿತು.

ಇಲ್ಲಿಯದನ್ನು ನಿನಗೆ ಹೇಳಿರಲಿಲ್ಲ. ಅಮ್ಮ ಹೋದಾಗಿನಿಂದಲೂ ಜನ ಬರುತ್ತಿದ್ದಾರೆ. ಮೊದಲು ಬಂದವರು ವಯಸ್ಸಾದ ಗಂಡ ಹೆಂಡತಿ. ಆಮೇಲೆ ಹೆಂಡತಿಯನ್ನು ಕರೆದುಕೊಂಡು ಒಬ್ಬ ಡ್ರೈವರು. ನಿನ್ನೆ ಒಬ್ಬ ಕಾಲೇಜು ಹುಡುಗ ಒಂಟಿಯಾಗಿ ಬಂದಿದ್ದ, ಮನೆಯಲ್ಲಿ ಹೇಳದೆ. ಎಲ್ಲರೂ ಬಾಗಿಲಲ್ಲಿ ನಿಂತು ಬೋರ್ಡು ನೋಡುತ್ತಾರೆ, ಫೋನ್ ನೋಡುತ್ತಾರೆ, ಮತ್ತೆ ಬೋರ್ಡು ನೋಡುತ್ತಾರೆ. ಆಮೇಲೆ ಅಮ್ಮ ಇದ್ದಾರಾ ಎಂದು ಕೇಳುತ್ತಾರೆ.

ಬೋರ್ಡು ಬಿಚ್ಚಿಸಿಬಿಡೋಣ ಎಂದು ಏಣಿ ತರಿಸಿದ್ದೆ. ಬಿಚ್ಚಿದರೆ ಅವರು ದಾರಿ ಸಿಗದೆ ವಾಪಸ್ ಹೋಗುತ್ತಾರೆ, ಮನೆಗೆ ಹೋಗಿ ಮಾತ್ರೆ ಬಿಡುತ್ತಾರೆ. ಏಣಿ ವಾಪಸ್ ಕಳಿಸಿದೆ. ಕೂರಿಸಿ ಹೇಳುತ್ತೇನೆ. ಸತ್ತಳು ಎನ್ನುತ್ತೇನೆ, ಏಕೆ ಸತ್ತಳೆಂದು ಹೇಳುತ್ತೇನೆ. ಮುದುಕರು ನಂಬಿದರು. ಡ್ರೈವರು ನಂಬಲಿಲ್ಲ. ಆ ಹುಡುಗ ನಂಬಿದನೋ ಇಲ್ಲವೋ, ಪಕ್ಕಕ್ಕೆ ನೋಡುತ್ತಾ ಥ್ಯಾಂಕ್ಸ್ ಆಂಟಿ ಎಂದು ಹೋದ. ಆ ಪುಟದಲ್ಲಿ ನಾನು ನಂಬದವಳು. ನನ್ನ ಮಾತು ಎಷ್ಟು ಜನಕ್ಕೆ ನಾಟೀತು?

ಬರೆದವನೇ ಎದುರಿಗೆ ಕೂತು ಹೇಳಿದರೆ ನಂಬಿಯಾರು.

ಕೆಲಸ ಬಿಟ್ಟು ಬಾ. ನಿನ್ನ ಮೇಲಿನ ಸಿಟ್ಟು ಇಳಿದಿದೆ ಎಂದುಕೊಳ್ಳಬೇಡ. ಬಹುಶಃ ಇಳಿಯುವುದೂ ಇಲ್ಲ. ಒಂದೇ ಮನೆಯಲ್ಲಿದ್ದು ಎಷ್ಟೋ ದಿನ ನಿನ್ನೊಂದಿಗೆ ಮಾತಾಡದೇ ಇರಬಹುದು, ಅದಕ್ಕೆ ನೀನು ತಯಾರಾಗಿರು. ಗುಂಡಿ ಹಾಕುವುದನ್ನು ಕಲಿಸುತ್ತೇನೆ, ಕೈ ಖಾಲಿ ಇದ್ದರೆ ಕೂತಿರಲಾಗುವುದಿಲ್ಲ. ಆದರೆ ಬಾಗಿಲಿಗೆ ಬಂದವರಿಗೆಲ್ಲ, ಪ್ರತಿಯೊಬ್ಬರಿಗೂ, ಅಮ್ಮ ಇಲ್ಲ ಎಂದು ನೀನೇ ಹೇಳಬೇಕು.

ಈ ಕಾಗದ ಮುಗಿಸುವಷ್ಟರಲ್ಲೇ ಹೊರಗೆ ಯಾರೋ ಬಂದು ನಿಂತಿದ್ದಾರೆ. ಮಗುವಿನ ಚಪ್ಪಲಿ ಕಾಣುತ್ತಿದೆ.

ಬೇಗ ಹೊರಡು.

ಅಕ್ಕ